ಹಾಜರಿ ಕರೆಯುವ ಸೇವೆ

ಕಾಪು ಬೀಚಿನಲ್ಲಿ ಭಾನುವಾರ ಬೆಳಗ್ಗೆ ಕಾಲೇಜು ಮಕ್ಕಳು ಪ್ಲಾಸ್ಟಿಕ್ ಹೆಕ್ಕುವ ಫೋಟೊ ನಿಮ್ಮ ವಾಟ್ಸಾಪಿಗೂ ಬಂದಿರುತ್ತದೆ. ಹಿಂದೆ ಲೈಟ್‌ಹೌಸು, ಮುಂದೆ ಬ್ಯಾನರು. ನಾವೂ ಒಂದು ಲೈಕ್ ಒತ್ತಿ ಮುಂದೆ ಹೋಗುತ್ತೇವೆ. ಒಳ್ಳೆಯ ಕೆಲಸವೇ, ಅದರಲ್ಲಿ ತಕರಾರಿಲ್ಲ. ಆದರೆ ಫೋಟೊದಲ್ಲಿ ಕಾಣದ ಒಂದು ವಸ್ತು ಉಂಟು: ಹಾಜರಿ ಪುಸ್ತಕ. ನನ್ನ ತಕರಾರು ಅದರ ಮೇಲೆ.

ಎನ್ನೆಸ್ಸೆಸ್ ಶುರುವಾದದ್ದು ಗಾಂಧೀಜಿ ಜನ್ಮಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು. ಆಗ 37 ವಿಶ್ವವಿದ್ಯಾಲಯ, ಸುಮಾರು 40 ಸಾವಿರ ವಿದ್ಯಾರ್ಥಿಗಳು. ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷ ಕೆಲಸ, ಜೊತೆಗೆ ಏಳು ದಿನದ ಶಿಬಿರ. ಕಾರ್ಕಳದ ಕಡೆಯ ಯಾವುದೋ ಸರ್ಕಾರಿ ಶಾಲೆಯಲ್ಲಿ ಮಲಗಿ, ಬೆಳಗ್ಗೆ ಎದ್ದು ಇಂಗುಗುಂಡಿ ತೋಡಿ, ಕಂಪೌಂಡಿಗೆ ಬಣ್ಣ ಬಳಿದು ಬಂದವರನ್ನು ಕೇಳಿ ನೋಡಿ. ಕಾಲೇಜಿನ ಪಾಠ ಮರೆತಿದ್ದರೂ ಆ ಏಳು ದಿನ ಮರೆತಿರುವುದಿಲ್ಲ. ಹಾಗಾಗಿ ಯೋಜನೆಯನ್ನೇ ಮುಚ್ಚಿ ಅಂತ ನಾನು ಹೇಳುತ್ತಿಲ್ಲ.

ಲೆಕ್ಕ ಮಾತ್ರ ನೋಡೋಣ. ಬಹಳ ವರ್ಷ ಇದ್ದ ದರದಲ್ಲಿ ಸರ್ಕಾರ ಒಬ್ಬ ಸ್ವಯಂಸೇವಕನಿಗೆಂದು ಕೊಡುತ್ತಿದ್ದದ್ದು ವರ್ಷಕ್ಕೆ 250 ರೂಪಾಯಿ, ಶಿಬಿರಕ್ಕೆ 450. ಏಳು ದಿನಕ್ಕೆ ಭಾಗಿಸಿದರೆ ದಿನಕ್ಕೆ 64 ರೂಪಾಯಿ ಚಿಲ್ಲರೆ. ಉಡುಪಿಯಲ್ಲಿ ಅಷ್ಟಕ್ಕೆ ಒಂದು ಊಟ ಸಿಕ್ಕಿದರೆ ಪುಣ್ಯ. ಇನ್ನು 240 ಗಂಟೆ ಅಂದರೆ ಎಂಟು ಗಂಟೆಯ 30 ದಿನ. ಎನ್ನೆಸ್ಸೆಸ್‌ಗೆ 50 ತುಂಬಿದ 2019-20ರಲ್ಲಿ ಕರ್ನಾಟಕದ ಉದ್ಯೋಗ ಖಾತರಿ ಕೂಲಿ ದಿನಕ್ಕೆ 249 ರೂಪಾಯಿ ಇತ್ತು. ಆ ಲೆಕ್ಕದಲ್ಲಿ 7,470 ರೂಪಾಯಿಯ ದುಡಿಮೆ. ಮಕ್ಕಳಿಗೆ ಇದನ್ನು ಸಂಬಳವಾಗಿ ಕೊಡಿ ಅಂತಲ್ಲ. ಇಷ್ಟು ಬೆಲೆಯ ದುಡಿಮೆ ಇದು ಅಂತ ಮೊದಲು ಒಪ್ಪಿಕೊಳ್ಳೋಣ, ಅಷ್ಟೇ.

ಈಗ 'ಸ್ವಯಂ' ಅನ್ನುವ ಶಬ್ದಕ್ಕೆ ಬನ್ನಿ. ವಿಟಿಯುವಿನ 2022ರ ಪಠ್ಯಕ್ರಮದಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಎನ್ನೆಸ್ಸೆಸ್, ದೈಹಿಕ ಶಿಕ್ಷಣ, ಯೋಗ ಈ ಮೂರರಲ್ಲಿ ಒಂದನ್ನು ತೆಗೆದುಕೊಳ್ಳಲೇಬೇಕು. ಕ್ರೆಡಿಟ್ ಸೊನ್ನೆ, ಆದರೆ ಪಾಸಾಗದೆ ಡಿಗ್ರಿ ಇಲ್ಲ. ಅದರ ಮೇಲೆ ಎಐಸಿಟಿಇಯ 100 ಆ್ಯಕ್ಟಿವಿಟಿ ಪಾಯಿಂಟು. ಸಿಜಿಪಿಎಗೆ ಅದು ಸೇರುವುದಿಲ್ಲ, ಆದರೆ ಅದಿಲ್ಲದೆ ಎಂಟನೇ ಸೆಮಿಸ್ಟರಿನ ಗ್ರೇಡ್ ಕಾರ್ಡು ಕೈಗೆ ಬರುವುದಿಲ್ಲ. ಕಡ್ಡಾಯ ಮಾಡಿದ ಮೇಲೂ ಅದನ್ನು ಸ್ವಯಂಸೇವೆ ಅಂತಲೇ ಕರೆಯುವುದು ಯಾಕೆ? ಪಠ್ಯ ಅಂದರೆ ಕಲಿಸುವ ಹೊಣೆ ಕಾಲೇಜಿಗೆ ಬರುತ್ತದೆ, ಕೆಲಸ ಅಂದರೆ ಕೂಲಿಯ ಹೊಣೆ ಬರುತ್ತದೆ. ಸೇವೆ ಅಂದರೆ ಎರಡೂ ಇಲ್ಲ.

ನಿಜವಾದ ಸ್ವಯಂಸೇವೆ ಹೇಗಿರುತ್ತದೆ ಅಂತ ನಮ್ಮ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ ಮಾರಾಯ್ರೆ. ಊರಿನ ಬ್ರಹ್ಮಕಲಶಕ್ಕೆ ರಾತ್ರಿಯಿಡೀ ತರಕಾರಿ ಹೆಚ್ಚುವವರು, ಸಾವಿರಾರು ಎಲೆಗೆ ಬಡಿಸುವವರು ಯಾರ ಸಹಿಗೂ ಕಾಯುವುದಿಲ್ಲ. ಬರಲಾಗದವನು ಬರುವುದಿಲ್ಲ. ಅವನ ಮಾರ್ಕ್ಸು ಯಾರೂ ಕಡಿಯುವುದಿಲ್ಲ.

ಬರುವುದಿಲ್ಲ ಅನ್ನುವ ಹಕ್ಕು ಇಲ್ಲದ ದುಡಿಮೆಗೆ ಕನ್ನಡದಲ್ಲಿ ಹಳೆಯ ಹೆಸರೊಂದಿದೆ: ಬಿಟ್ಟಿ. ಸಂಸ್ಕೃತದ ವಿಷ್ಟಿಯಿಂದ ಬಂದ ಈ ಶಬ್ದ ಶಾಸನಗಳಲ್ಲೇ ಸಿಗುತ್ತದೆ. ಅದು ದೊರೆಗೆ ದುಡಿದು ಸಲ್ಲಿಸುವ ತೆರಿಗೆ. ಸಂವಿಧಾನದ 23ನೇ ವಿಧಿ ನಿಷೇಧಿಸಿದ್ದು ಇದನ್ನೇ. 1982ರಲ್ಲಿ ದಿಲ್ಲಿ ಏಷ್ಯಾಡ್ ಕಾಮಗಾರಿಯ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಬೇರೆ ದಾರಿಯಿಲ್ಲದೆ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಯುವುದೂ ಬಲವಂತದ ದುಡಿಮೆಯೇ ಅಂದಿತು. ಬಲವಂತಕ್ಕೆ ದೊಣ್ಣೆಯೇ ಬೇಕಾಗಿಲ್ಲ ಅಂತ ಇದರರ್ಥ. ಆ ತೀರ್ಪು ವಿದ್ಯಾರ್ಥಿಗಳ ಬಗ್ಗೆ ಅಲ್ಲ, ಸರಿ. ಅದೇ ವಿಧಿಯ ಎರಡನೇ ಭಾಗ ಸಾರ್ವಜನಿಕ ಉದ್ದೇಶಕ್ಕೆ ಕಡ್ಡಾಯ ಸೇವೆ ಹೇರಲು ಸರ್ಕಾರಕ್ಕೆ ಅವಕಾಶವನ್ನೂ ಕೊಡುತ್ತದೆ. ಆದರೆ ಷರತ್ತೊಂದಿದೆ: ಧರ್ಮ, ಜನಾಂಗ, ಜಾತಿ, ವರ್ಗ ನೋಡಿ ತಾರತಮ್ಯ ಮಾಡಬಾರದು.

ಆ ಷರತ್ತಿನ 'ವರ್ಗ' ಅನ್ನುವ ಶಬ್ದ ನನ್ನನ್ನು ಕಾಡುತ್ತದೆ. ಕಾಗದದ ಮೇಲೆ ನಿಯಮ ಎಲ್ಲರಿಗೂ ಒಂದೇ. ಆದರೆ ಶನಿವಾರ, ಭಾನುವಾರ ಮಣಿಪಾಲದ ಹೋಟೆಲಿನಲ್ಲಿ ಬಿಲ್ಲು ಬರೆದು ಫೀಸು ಹೊಂದಿಸುವ ಹುಡುಗನಿಗೆ ಒಂದು ಭಾನುವಾರದ ಸೇವೆ ಅಂದರೆ ಒಂದು ದಿನದ ಸಂಬಳ ಖೋತಾ. ಅಪ್ಪನ ಕಾರಿನಲ್ಲಿ ಬರುವ ಹುಡುಗನಿಗೆ ಅದು ಪಿಕ್‌ನಿಕ್ಕು. ಎಲ್ಲರಿಗೂ ಗಂಟೆ ಒಂದೇ, ಬೆಲೆ ಬೇರೆ ಬೇರೆ.

ಇನ್ನೊಂದು ಕಡೆಯಿಂದಲೂ ನೋಡಿ. ಬೀಚಿನ ಕಸ ಹೆಕ್ಕುವುದು ಯಾರದೋ ಹೊಟ್ಟೆಪಾಡು ಕೂಡ ಹೌದು. ಪುರಸಭೆಯ ಪೌರಕಾರ್ಮಿಕರು, ನಮ್ಮ ಪಂಚಾಯತುಗಳ ತ್ಯಾಜ್ಯ ಘಟಕಗಳಲ್ಲಿ ಕಸ ಬೇರ್ಪಡಿಸುವ ಹೆಂಗಸರು ದಿನಾ ಮಾಡುವ ಕೆಲಸ ಇದು. ಪುಕ್ಕಟೆ ಕೈಗಳು ಸಿಗುತ್ತಾ ಹೋದರೆ ಕೂಲಿಯ ಕೈಗಳನ್ನು ಹೆಚ್ಚಿಸಬೇಕು ಅಂತ ಯಾವ ಕಚೇರಿಗೆ ಅನ್ನಿಸೀತು?

ಈ ಪಾಠ ಕಾಲೇಜಿಗೇ ಮುಗಿಯುವುದೂ ಇಲ್ಲ. ನೆಹರು ಯುವ ಕೇಂದ್ರದ ರಾಷ್ಟ್ರೀಯ ಯುವ ಸ್ವಯಂಸೇವಕರದ್ದು ಪೂರ್ಣಾವಧಿ ಕೆಲಸವಾಗಿತ್ತು. ನಿಗದಿಯಾಗಿದ್ದ ಗೌರವಧನ ತಿಂಗಳಿಗೆ 5,000. 26 ದಿನಕ್ಕೆ ಭಾಗಿಸಿದರೆ ದಿನಕ್ಕೆ 192 ರೂಪಾಯಿ, 2019-20ರ ಉದ್ಯೋಗ ಖಾತರಿ ಕೂಲಿಗಿಂತಲೂ ಕಡಿಮೆ. ಆಶಾ ಕಾರ್ಯಕರ್ತೆಯರಿಗೂ ಸರ್ಕಾರದ ಕಡತದಲ್ಲಿ ಸಂಬಳವಿಲ್ಲ, ಗೌರವಧನ ಮತ್ತು ಪ್ರೋತ್ಸಾಹಧನ ಮಾತ್ರ. 2025ರ ಜನವರಿಯ ಚಳಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ರಾತ್ರಿ ಹಗಲು ಕೂತದ್ದು ಈ ಶಬ್ದದ ವಿರುದ್ಧವೂ ಹೌದು. ಗೌರವ ಅನ್ನುವ ಪದ ಬಂದಲ್ಲೆಲ್ಲ ಧನ ಕಡಿಮೆಯಾಗುತ್ತದೆ.

ಹಾಗಾದರೆ ಏನು ಮಾಡಬೇಕು? ಕಡ್ಡಾಯ ಮಾಡುವುದಾದರೆ ಪಠ್ಯ ಅಂತಲೇ ಕರೆಯಿರಿ, ಕಾಲೇಜಿನ ವೇಳೆಯಲ್ಲೇ ಮಾಡಿಸಿ, ಅದಕ್ಕೆ ಕ್ರೆಡಿಟ್ ಕೊಡಿ. ಸ್ವಯಂಸೇವೆ ಅನ್ನುವುದಾದರೆ ಬೇಡ ಅಂದವನಿಗೆ ನಷ್ಟವಾಗಬಾರದು. ಊಟ, ಬಸ್ಸು, ಕೈಗವಸಿನ ನಿಜ ಖರ್ಚು ಕೊಡಿ. ಗಾಯವಾದರೆ ಆಸ್ಪತ್ರೆಯ ಬಿಲ್ಲು ಯಾರದು ಅಂತ ಮೊದಲೇ ಬರೆದುಕೊಡಿ. ಸಂಬಳದ ಹುದ್ದೆಯ ಕೆಲಸವನ್ನು ವಿದ್ಯಾರ್ಥಿಗಳಿಂದ ತುಂಬಿಸಬೇಡಿ.

ನಾವು, ಆಫೀಸಿನಲ್ಲಿ ಓವರ್‌ಟೈಮಿನ ಬಗ್ಗೆ ಗೊಣಗುವವರು, ಮುಂದಿನ ಸಲ ಆ ಫೋಟೊ ಬಂದಾಗ ಒಂದು ಪ್ರಶ್ನೆಯನ್ನಾದರೂ ಕೇಳಬಹುದು: ಇವತ್ತು ಬಾರದವರಿಗೆ ಏನಾಗುತ್ತದೆ?