ರೂಢಿ ಮತ್ತು ಔಚಿತ್ಯ: ವಿಂಡೋಸ್ ೮ರ ಬಗೆಗಿನ ಆಕ್ಷೇಪಗಳ ವಿಚಾರ

೧

ಯಾವುದೊಂದು ಕೃತಿಯ ಗುಣದೋಷಗಳನ್ನು ವಿವೇಚಿಸುವಾಗ ಅದನ್ನು ಸ್ವೀಕರಿಸಿದವರ ಪ್ರತಿಕ್ರಿಯೆಯನ್ನೂ ಪರಿಶೀಲಿಸುವುದು ವಿಮರ್ಶೆಯ ಕರ್ತವ್ಯಗಳಲ್ಲೊಂದು. ಕಾವ್ಯದ ವಿಷಯದಲ್ಲಿ ಈ ಮಾತು ನಮಗೆ ಹೊಸದಲ್ಲ. ಸಹೃದಯನ ಸ್ಥಾನವನ್ನು ನಮ್ಮ ಆಲಂಕಾರಿಕರು ಬಹು ಹಿಂದೆಯೇ ಗುರುತಿಸಿದ್ದಾರೆ. ಆದರೆ ದಿನಬಳಕೆಯ ಉಪಕರಣವೊಂದರ ವಿಷಯದಲ್ಲಿ ಬಳಸುವವನ ಮಾತನ್ನು ವಿಮರ್ಶೆಯೆಂದು ಎಣಿಸುವ ವಾಡಿಕೆ ಇನ್ನೂ ಬೇರೂರಿಲ್ಲ. ಅವನು ಮೆಚ್ಚಿದರೆ ಒಳ್ಳೆಯ ಗಿರಾಕಿ, ಮೆಚ್ಚದಿದ್ದರೆ ಬದಲಾವಣೆಗೆ ಹೆದರುವವನು ಎಂದು ಹೇಳಿ ಮುಗಿಸುವುದೇ ಹೆಚ್ಚು. ಈ ಎಣಿಕೆ ಸರಿಯೇ ಎಂಬುದನ್ನು ಒಂದು ನಿದರ್ಶನದ ಮೂಲಕ ಪರೀಕ್ಷಿಸುವುದು ಪ್ರಸ್ತುತ ಲೇಖನದ ಉದ್ದೇಶ. ನಾವು ಆರಿಸಿಕೊಂಡಿರುವ ನಿದರ್ಶನ ಮೈಕ್ರೋಸಾಫ್ಟ್ ಸಂಸ್ಥೆ ೨೦೧೨ರ ಅಕ್ಟೋಬರ್ ೨೬ರಂದು ಮಾರಾಟಕ್ಕೆ ತಂದ ವಿಂಡೋಸ್ ೮ ಎಂಬ ಆಪರೇಟಿಂಗ್ ಸಿಸ್ಟಂ. ಮತ್ತು ಅದರ ಹೊಸ ವಿನ್ಯಾಸವನ್ನು ಕುರಿತು ಬಳಕೆದಾರರು ಎತ್ತಿದ ಆಕ್ಷೇಪಗಳು.

೨

ಆಕ್ಷೇಪಗಳ ಸ್ವರೂಪವನ್ನು ತಿಳಿಯಬೇಕಾದರೆ ಬದಲಾದದ್ದೇನು ಎಂಬುದನ್ನು ಮೊದಲು ಸಂಗ್ರಹವಾಗಿ ಹೇಳಬೇಕು. ೧೯೯೫ರ ಆಗಸ್ಟ್‌ನಲ್ಲಿ ಬಂದ ವಿಂಡೋಸ್ ೯೫, ಪರದೆಯ ಕೆಳಗಿನ ಎಡಮೂಲೆಯಲ್ಲಿ 'ಸ್ಟಾರ್ಟ್' ಎಂಬ ಗುಂಡಿಯೊಂದನ್ನು ಇಟ್ಟಿತು. ಅದನ್ನು ಒತ್ತಿದರೆ ಕಂಪ್ಯೂಟರಿನಲ್ಲಿರುವ ಕಾರ್ಯಕ್ರಮಗಳ ಪಟ್ಟಿ ತೆರೆದುಕೊಳ್ಳುತ್ತಿತ್ತು. ಯಂತ್ರವನ್ನು ಆರಿಸುವ ಆಜ್ಞೆಯೂ ಅಲ್ಲಿಯೇ ಇತ್ತು. ನಿಲ್ಲಿಸಬೇಕಾದರೂ 'ಆರಂಭ'ವನ್ನೇ ಒತ್ತಬೇಕೆಂಬ ವಿಚಿತ್ರವನ್ನು ಕುರಿತು ಜನ ನಗೆಯಾಡಿದರೂ ಆ ಗುಂಡಿ ಹದಿನೇಳು ವರ್ಷಗಳ ಕಾಲ ಅದೇ ಮೂಲೆಯಲ್ಲಿ ನಿಂತಿತು. ಕಂಪ್ಯೂಟರನ್ನು ಇದರಿಂದಲೇ ಕಲಿತವರಿಗೆ ಅದು ಮನೆಯ ಹೊಸ್ತಿಲಿನಂತೆ. ದಾಟುವಾಗ ಯಾರೂ ಅದನ್ನು ನೋಡುವುದಿಲ್ಲ, ಆದರೆ ಕಾಲಿಗೆ ಅದರ ಎತ್ತರ ತಿಳಿದಿರುತ್ತದೆ.

ವಿಂಡೋಸ್ ೮ ಈ ಗುಂಡಿಯನ್ನು ತೆಗೆದುಹಾಕಿತು. ಯಂತ್ರ ಚಾಲೂ ಆದೊಡನೆ ಎದುರಾಗುವುದು ಬಣ್ಣಬಣ್ಣದ ಚೌಕಗಳಿಂದ ತುಂಬಿದ 'ಸ್ಟಾರ್ಟ್ ಸ್ಕ್ರೀನ್' ಎಂಬ ಪೂರ್ಣ ಪರದೆ. ಹಳೆಯ ಡೆಸ್ಕ್‌ಟಾಪ್ ಹೋಗಲಿಲ್ಲ; ಆ ಚೌಕಗಳ ನಡುವೆ ಅದೂ ಒಂದು ಚೌಕವಾಗಿ ಉಳಿಯಿತು. ಅನೇಕ ಆಜ್ಞೆಗಳು ಪರದೆಯ ಅಂಚುಗಳ ಹಿಂದೆ ಸರಿದುವು. ಮೌಸಿನ ಬಾಣವನ್ನು ಬಲಗಡೆಯ ಮೂಲೆಗೆ ಒಯ್ದರೆ 'ಚಾರ್ಮ್ಸ್' ಎಂಬ ಪಟ್ಟಿ ಹೊರಬರುತ್ತಿತ್ತು. ಯಂತ್ರವನ್ನು ಆರಿಸಬೇಕಾದವನು ಆ ಪಟ್ಟಿಯಲ್ಲಿ ಸೆಟ್ಟಿಂಗ್ಸ್, ಅದರೊಳಗೆ ಪವರ್, ಅದರೊಳಗೆ ಷಟ್ ಡೌನ್ ಎಂದು ಒಂದೊಂದಾಗಿ ಹೊಕ್ಕು ಹೋಗಬೇಕಾಗಿತ್ತು. ಬೆರಳಿನಿಂದ ಮುಟ್ಟಿ ನಡೆಸುವ ಯಂತ್ರಗಳ ಕಾಲ ಬಂದಿದೆಯೆಂಬ ನಂಬಿಕೆ ಇದಕ್ಕೆಲ್ಲ ಪ್ರೇರಣೆ. ೨೦೧೦ರಲ್ಲಿ ಬಂದ ಐಪ್ಯಾಡ್ ಆ ನಂಬಿಕೆಯನ್ನು ಬಲಪಡಿಸಿತ್ತು. ಮೇಜಿನ ಮೇಲಿನ ಕಂಪ್ಯೂಟರಿಗೂ ಕೈಯಲ್ಲಿ ಹಿಡಿಯುವ ಫಲಕಕ್ಕೂ ಒಂದೇ ವ್ಯವಸ್ಥೆ ಒದಗಬೇಕೆಂಬುದು ನಿರ್ಮಾಪಕರ ಸಂಕಲ್ಪ.

೩

ಈ ವಿನ್ಯಾಸಕ್ಕೆ ತನ್ನದೇ ಆದ ಗುಣಗಳಿದ್ದುವೆಂಬುದನ್ನು ಒಪ್ಪಿಕೊಂಡೇ ಮುಂದುವರಿಯುವುದು ನ್ಯಾಯ. ಮೊದಲಿಗೆ 'ಮೆಟ್ರೊ' ಎಂದು ಹೆಸರಾಗಿದ್ದ ಈ ಶೈಲಿ, ರೈಲು ನಿಲ್ದಾಣ ಮೊದಲಾದ ಸಾರ್ವಜನಿಕ ಸ್ಥಳಗಳ ಸೂಚನಾ ಫಲಕಗಳಿಂದಲೂ ಸ್ವಿಸ್ ಮುದ್ರಣಕಲೆಯಿಂದಲೂ ಸ್ಫೂರ್ತಿ ಪಡೆದದ್ದು. ಗಾಜಿನ ಹೊಳಪು, ನೆರಳು, ಉಬ್ಬು ಮೊದಲಾದ ಅಲಂಕಾರಗಳನ್ನು ಕಳಚಿ ಅಕ್ಷರಕ್ಕೂ ಅವಕಾಶಕ್ಕೂ ಅದು ಪ್ರಾಧಾನ್ಯ ಕೊಟ್ಟಿತು. ಫೋನಿನ ಸಣ್ಣ ಪರದೆಯಲ್ಲಿ ಈ ಮಿತವ್ಯಯ ಶೋಭಿಸಿತು. ಯಂತ್ರ ಬೇಗನೆ ಸಿದ್ಧವಾಗುತ್ತಿದ್ದುದನ್ನು ಆಕ್ಷೇಪಕರಲ್ಲಿ ಹಲವರು ಮೆಚ್ಚಿಕೊಂಡರು. ಆದುದರಿಂದ ಇಲ್ಲಿನ ಪ್ರಶ್ನೆ ಕುರೂಪದ ಪ್ರಶ್ನೆಯಲ್ಲ.

ಬಳಕೆದಾರರ ಆಕ್ಷೇಪಗಳನ್ನು ನಾವು ಮೂರು ವರ್ಗಗಳಾಗಿ ವಿಂಗಡಿಸಬಹುದು. 'ಅಭ್ಯಾಸ ಕೆಟ್ಟಿತು' ಎಂಬುದು ಮೊದಲನೆಯದು. 'ಇರುವುದು ಕಾಣುವುದಿಲ್ಲ' ಎಂಬುದು ಎರಡನೆಯದು. 'ಇದು ಈ ಯಂತ್ರಕ್ಕೆ ಹೊಂದುವುದಿಲ್ಲ' ಎಂಬುದು ಮೂರನೆಯದು. ಅಂದಿನ ವಾದವಿವಾದಗಳಲ್ಲಿ ಈ ಮೂರೂ ಒಂದರೊಡನೊಂದು ಬೆರೆತುಹೋಗಿ, ಮೊದಲನೆಯದಕ್ಕೆ ಹೇಳಿದ ಸಮಾಧಾನವೇ ಉಳಿದೆರಡಕ್ಕೂ ಸಾಕೆಂಬ ಭ್ರಮೆ ಉಂಟಾಯಿತು.

ಅಭ್ಯಾಸದ ಆಕ್ಷೇಪ ಮೂರರಲ್ಲಿ ದುರ್ಬಲವಾದುದು. ವಿಂಡೋಸ್ ೯೫ ಬಂದಾಗಲೂ ಅದಕ್ಕೆ ಹಿಂದಿನ ಪ್ರೋಗ್ರಾಂ ಮ್ಯಾನೇಜರಿಗೆ ಒಗ್ಗಿದ್ದವರು ಹೊಸದಾಗಿ ಕಲಿಯಬೇಕಾಯಿತು, ಕಲಿತರು. ರೂಢಿಯೊಂದೇ ಪ್ರಮಾಣವಾದರೆ ಯಾವ ಸುಧಾರಣೆಗೂ ಎಡೆಯಿರುವುದಿಲ್ಲ. ಆದರೂ ಈ ಆಕ್ಷೇಪವನ್ನು ತಿರಸ್ಕಾರದಿಂದ ಕಾಣುವುದು ತರವಲ್ಲ. ಹತ್ತು ಹದಿನೈದು ವರ್ಷ ದುಡಿದು ಕೈಗೆ ಬಂದ ಚಾತುರ್ಯ ಒಬ್ಬ ಗುಮಾಸ್ತನ ಅಥವಾ ಅಧ್ಯಾಪಕನ ನಿಜವಾದ ಸಂಪತ್ತು. ಅದನ್ನು ಒಂದು ಬೆಳಗಿನಲ್ಲಿ ನಿರರ್ಥಕಗೊಳಿಸುವವರು ಅದಕ್ಕೆ ಸಮನಾದ ಲಾಭವನ್ನು ತೋರಿಸಿಕೊಡಬೇಕಾದ ಹೊಣೆಗೆ ಒಳಗಾಗುತ್ತಾರೆ. ಕಲಿಯಲಾರೆನೆಂದು ಹೇಳಿದವರಿಗಿಂತ ಏತಕ್ಕಾಗಿ ಕಲಿಯಬೇಕೆಂದು ಕೇಳಿದವರನ್ನು ನಾವು ಹೆಚ್ಚು ಗಮನಿಸಬೇಕು.

ಎರಡನೆಯ ಆಕ್ಷೇಪ ಕಾಲ ಕಳೆದಂತೆ ಕರಗುವಂಥದಲ್ಲ. ಪರದೆಯ ಮೇಲಿನ ಗುಂಡಿ ಒಂದು ಸಂಕೇತ. 'ಇಲ್ಲಿ ಏನೋ ಸಾಧ್ಯ' ಎಂದು ಅದು ಹೇಳುತ್ತದೆ. ಮೂಲೆಯಲ್ಲಿ ಅಡಗಿದ ಆಜ್ಞೆ ಹಾಗೆ ಹೇಳುವುದಿಲ್ಲ. ತಿಳಿದವನಿಗೆ ಮಾತ್ರ ಅದು ಉಂಟು, ತಿಳಿಯದವನಿಗೆ ಇಲ್ಲ. ಕಾವ್ಯದಲ್ಲಿ ಧ್ವನಿ ವಾಚ್ಯದ ಮೂಲಕ ಹೊಳೆಯುತ್ತದೆ. ವಾಚ್ಯವೇ ಇಲ್ಲದ ಕಡೆ ಧ್ವನಿಗೆ ಆಶ್ರಯವಿಲ್ಲ. ಇಲ್ಲಿಯೋ, ಸೂಚಿಸಬೇಕಾದ ಗುರುತನ್ನೇ ಅಳಿಸಿ ಅರ್ಥವನ್ನು ಊಹಿಸಿಕೊಳ್ಳಬೇಕೆಂದು ಅಪೇಕ್ಷಿಸಲಾಯಿತು. ಬಳಕೆಯ ಸೌಲಭ್ಯವನ್ನು ಕುರಿತು ದೀರ್ಘಕಾಲ ಅಧ್ಯಯನ ನಡೆಸಿದ ಜೇಕಬ್ ನೀಲ್ಸನ್ ೨೦೧೨ರ ನವೆಂಬರ್‌ನಲ್ಲಿ, ಕಂಪ್ಯೂಟರಿನ ಅನುಭವವುಳ್ಳ ೧೨ ಮಂದಿಯಿಂದ ಈ ವ್ಯವಸ್ಥೆಯನ್ನು ಬಳಸಿ ನೋಡಿಸಿದಾಗ ಎತ್ತಿ ತೋರಿಸಿದ ದೋಷಗಳಲ್ಲಿ ಆಜ್ಞೆಗಳು ಮರೆಯಾಗಿರುವುದೂ ಎರಡು ಭಿನ್ನ ಪರಿಸರಗಳ ನಡುವೆ ಬಳಕೆದಾರ ಓಲಾಡಬೇಕಾಗಿರುವುದೂ ಮುಖ್ಯವಾದುವು. ಅನುಭವಿಗಳಿಗೇ ಈ ತೊಡಕಾದರೆ ಹೊಸಬರ ಪಾಡನ್ನು ಊಹಿಸಬಹುದು.

ಮೂರನೆಯದು ಔಚಿತ್ಯದ ಪ್ರಶ್ನೆ. ಬೆರಳು ದಪ್ಪ, ಆದುದರಿಂದ ಚೌಕವೂ ದೊಡ್ಡದಾಗಿರಬೇಕು. ಕೈಫಲಕ ಚಿಕ್ಕದು, ಆದುದರಿಂದ ಒಂದು ಕಾರ್ಯಕ್ರಮ ಇಡೀ ಪರದೆಯನ್ನು ತುಂಬಬೇಕು. ಈ ಯುಕ್ತಿಗಳು ಅಲ್ಲಿ ಸರಿ. ಅದೇ ವಿನ್ಯಾಸವನ್ನು ಮೌಸ್ ಹಿಡಿದು, ವಿಶಾಲವಾದ ಪರದೆಯ ಮುಂದೆ ಕುಳಿತು, ಒಂದು ಕಡೆ ಹಸ್ತಪ್ರತಿಯನ್ನೂ ಇನ್ನೊಂದು ಕಡೆ ನಿಘಂಟನ್ನೂ ತೆರೆದಿಟ್ಟುಕೊಂಡು ಕೆಲಸ ಮಾಡುವವನ ಮೇಲೆ ಹೊರಿಸಿದರೆ ಗುಣವೇ ದೋಷವಾಗುತ್ತದೆ. ಒಂದು ಸ್ಥಾನದಲ್ಲಿ ಅಲಂಕಾರವಾದುದು ಇನ್ನೊಂದು ಸ್ಥಾನದಲ್ಲಿ ಅಲಂಕಾರವಾಗಲಾರದೆಂಬುದು ಕ್ಷೇಮೇಂದ್ರನ ಔಚಿತ್ಯವಿಚಾರದ ತಿರುಳು. ಆ ಹೆಸರನ್ನು ಕೇಳದ ಸಾವಿರಾರು ಬಳಕೆದಾರರು ತಮ್ಮ ತಮ್ಮ ಮಾತಿನಲ್ಲಿ ಹೇಳಿದ್ದು ಇದನ್ನೇ.

೪

ನಿರ್ಮಾಪಕರ ಸಮರ್ಥನೆಯನ್ನೂ ಪರಿಶೀಲಿಸಬೇಕು. ೨೦೧೧ರಲ್ಲಿ, ವ್ಯವಸ್ಥೆ ಇನ್ನೂ ತಯಾರಾಗುತ್ತಿದ್ದಾಗಲೇ, ಅವರು ತಮ್ಮ ವಾದವನ್ನು ಸಾರ್ವಜನಿಕವಾಗಿ ಮಂಡಿಸಿದರು. ಬಳಕೆದಾರರ ಯಂತ್ರಗಳಿಂದ ಸಂಗ್ರಹಿಸಿದ ಅಂಕಿಅಂಶಗಳ ಪ್ರಕಾರ ಸ್ಟಾರ್ಟ್ ಮೆನುವಿನ ಉಪಯೋಗ ಕಡಮೆಯಾಗುತ್ತಿದೆ. ಜನ ತಮಗೆ ಬೇಕಾದ ಕಾರ್ಯಕ್ರಮಗಳನ್ನು ಕೆಳಗಿನ ಟಾಸ್ಕ್‌ಬಾರಿನಲ್ಲಿಯೇ ನೆಟ್ಟುಕೊಳ್ಳುತ್ತಿದ್ದಾರೆ ಎಂಬುದು ಅದರ ಸಾರ. ಅಂಕಿಗಳನ್ನು ನಾವು ಅಲ್ಲಗಳೆಯುವುದಿಲ್ಲ. ಅವುಗಳಿಂದ ತೆಗೆದ ನಿರ್ಣಯ ಮಾತ್ರ ಸಂದೇಹಾಸ್ಪದ. ಪುಸ್ತಕದ ಕೊನೆಯ ಶಬ್ದಸೂಚಿಯನ್ನು ಓದುಗ ತಿರುವುವುದು ಎಲ್ಲೋ ಒಮ್ಮೆ. ಪುಟಗಳನ್ನು ತಿರುವುವುದು ನೂರಾರು ಸಲ. ಹೀಗೆಂದು ಶಬ್ದಸೂಚಿಯನ್ನು ಕಿತ್ತುಹಾಕುವ ಸಂಪಾದಕನಿಲ್ಲ. ದಾರಿ ತಪ್ಪಿದಾಗ ಮಾತ್ರ ಬೇಕಾಗುವ ವಸ್ತುವಿನ ಬೆಲೆಯನ್ನು ಅದನ್ನು ಬಳಸಿದ ಸಲಗಳ ಲೆಕ್ಕದಿಂದ ಅಳೆಯಲಾಗದು. ಬಳಕೆದಾರ ಏನು ಮಾಡಿದನೆಂಬುದನ್ನು ಎಣಿಕೆ ಹೇಳಬಲ್ಲುದು. ಏನನ್ನು ನೆಚ್ಚಿ ನಿಶ್ಚಿಂತನಾಗಿದ್ದನೆಂಬುದನ್ನು ಅದು ಹೇಳಲಾರದು. ಅದನ್ನು ಹೇಳಬಲ್ಲವನು ಅವನೇ. ಅವನು ಹೇಳಿದಾಗ ಅದಕ್ಕೆ ಗೊಣಗಾಟವೆಂಬ ಹೆಸರು ಬಂದಿತು.

ಮುಂದಿನ ಇತಿಹಾಸ ಈ ಮಾತನ್ನು ಸಮರ್ಥಿಸುತ್ತದೆ. ೨೦೧೩ರ ಅಕ್ಟೋಬರ್‌ನಲ್ಲಿ ವಿಂಡೋಸ್ ೮.೧ ಬಂದಾಗ ಗುಂಡಿ ತನ್ನ ಮೂಲೆಗೆ ಮರಳಿತು. ಆದರೆ ಒತ್ತಿದರೆ ತೆರೆಯುತ್ತಿದ್ದುದು ಹಳೆಯ ಪಟ್ಟಿಯಲ್ಲ, ಅದೇ ಚೌಕಗಳ ಪರದೆ. ಬಾಗಿಲನ್ನು ಕೇಳಿದವರಿಗೆ ಬಾಗಿಲಿನ ಚಿತ್ರವನ್ನು ಕೊಟ್ಟಂತಾಯಿತೆಂದು ಆಕ್ಷೇಪಕರಿಗೆ ತೋರಿದ್ದರೆ ಆಶ್ಚರ್ಯವಿಲ್ಲ. ೨೦೧೪ರ ಏಪ್ರಿಲ್‌ನ ಪರಿಷ್ಕರಣದಲ್ಲಿ ಯಂತ್ರವನ್ನು ಆರಿಸುವ ಗುಂಡಿ ಕಣ್ಣಿಗೆ ಕಾಣುವಂತೆ ಸ್ಟಾರ್ಟ್ ಸ್ಕ್ರೀನಿನ ಮೇಲೆಯೇ ಬಂದಿತು. ೨೦೧೫ರ ಜುಲೈ ೨೯ರಂದು ಬಿಡುಗಡೆಯಾದ ವಿಂಡೋಸ್ ೧೦ರಲ್ಲಿ ಮೆನು ಮರಳಿತು. ಚೌಕಗಳು ಅದರ ಒಂದು ಪಾರ್ಶ್ವಕ್ಕೆ ಸರಿದುವು. ೨೦೨೧ರಲ್ಲಿ ಬಂದ ವಿಂಡೋಸ್ ೧೧ ಆ ಚೌಕಗಳನ್ನೂ ಕೈಬಿಟ್ಟಿತು. ಕೇವಲ ಅಭ್ಯಾಸದ ಹಟವಾಗಿದ್ದರೆ ಮೂರು ವರ್ಷಗಳಲ್ಲಿ ಹೊಸ ಅಭ್ಯಾಸ ನೆಲೆಯೂರಬೇಕಾಗಿತ್ತು. ಮಣಿದದ್ದು ವಿನ್ಯಾಸ.

೫

ಇದಕ್ಕೆ ಸಮಾನಾಂತರವಾದ ಇನ್ನೊಂದು ಪ್ರಸಂಗವನ್ನು ಇಲ್ಲಿ ನೆನೆಯುವುದು ಉಪಯುಕ್ತ. ಲಿನಕ್ಸ್ ಬಳಸುವವರಲ್ಲಿ ಪ್ರಚಲಿತವಾಗಿರುವ ಗ್ನೋಮ್ ಎಂಬ ಡೆಸ್ಕ್‌ಟಾಪಿನ ಮೂರನೆಯ ಆವೃತ್ತಿ ೨೦೧೧ರ ಏಪ್ರಿಲ್‌ನಲ್ಲಿ ಬಂದಾಗಲೂ ಇದೇ ಬಗೆಯ ಕೋಲಾಹಲವೆದ್ದಿತು. ಲಿನಕ್ಸಿನ ಜನಕ ಲೀನಸ್ ಟೋರ್ವಾಲ್ಡ್ಸ್ ಅದನ್ನು ಕಟುವಾಗಿ ಟೀಕಿಸಿ ಕೆಲಕಾಲ ಬೇರೆಯದನ್ನು ಬಳಸಿದರು. ಬಳಿಕ ಗ್ನೋಮಿಗೇ ಮರಳಿದರು. ಆದರೆ ಅಲ್ಲಿ ಮೂಲಸಂಹಿತೆ ಎಲ್ಲರಿಗೂ ತೆರೆದಿತ್ತು. ಒಪ್ಪದವರು ಹಳೆಯ ಆವೃತ್ತಿಯನ್ನು ಎತ್ತಿಕೊಂಡು 'ಮಾತೆ' ಎಂಬ ಹೆಸರಿನಿಂದ ಬೇರೆಯಾಗಿಯೇ ಬೆಳೆಸಿದರು. ನಮ್ಮ ಹಸ್ತಪ್ರತಿಗಳಲ್ಲಿ ಪಾಠಾಂತರಗಳು ಕವಲೊಡೆದು ಉಳಿದುಬಂದಂತೆ ಅಲ್ಲಿ ಭಿನ್ನಮತವೇ ಒಂದು ಶಾಖೆಯಾಯಿತು. ವಿಂಡೋಸ್ ಬಳಸುವವರಿಗೆ ಈ ಅವಕಾಶವಿರಲಿಲ್ಲ. ಅವರು ವಿಂಡೋಸ್ ೭ರಲ್ಲಿಯೇ ಉಳಿಯಬೇಕಾಗಿತ್ತು, ಇಲ್ಲವೆ ಹಳೆಯ ಮೆನುವನ್ನು ತಂದುಕೊಡುವ ಕ್ಲಾಸಿಕ್ ಶೆಲ್‌ನಂತಹ ಹೊರಗಿನ ಸಾಧನವನ್ನು ಹಾಕಿಕೊಳ್ಳಬೇಕಾಗಿತ್ತು. ಇಂತಹ ಸಾಧನಗಳ ಜನಪ್ರಿಯತೆಯೇ ಒಂದು ವಿಮರ್ಶೆ ಎನ್ನಬಹುದು. ೨೦೧೪ರ ಏಪ್ರಿಲ್ ೮ರಂದು ವಿಂಡೋಸ್ ಎಕ್ಸ್‌ಪಿಗೆ ಸಂಸ್ಥೆಯ ಬೆಂಬಲ ನಿಂತಾಗ, ಹೊಸ ಯಂತ್ರವನ್ನು ಕೊಂಡವರಲ್ಲಿ ಅನೇಕರಿಗೆ ವಿಂಡೋಸ್ ೮ ಕೇಳದೆಯೇ ಬಂದ ಅತಿಥಿಯಾಯಿತು.

ಓದುಗನಿಗೂ ಬಳಕೆದಾರನಿಗೂ ಇರುವ ಮುಖ್ಯ ಭೇದ ಇಲ್ಲಿದೆ. ಹಿಡಿಸದ ಕಾದಂಬರಿಯನ್ನು ಓದುಗ ಮುಚ್ಚಿಡಬಹುದು. ಹಿಡಿಸದ ಪರದೆಯನ್ನು ಬಳಕೆದಾರ ಮುಚ್ಚಿಡಲಾರ. ಅವನ ಜೀವನೋಪಾಯ ಅದರ ಹಿಂದಿದೆ. ಬಿಟ್ಟುಹೋಗುವ ಸ್ವಾತಂತ್ರ್ಯ ಕಡಮೆಯಿದ್ದಷ್ಟೂ ಅವನ ಮಾತಿಗೆ ಹೆಚ್ಚು ತೂಕ ಸಲ್ಲಬೇಕು.

ಬಳಕೆದಾರ ಹೇಳಿದ್ದೆಲ್ಲವೂ ಸರಿಯೆಂದು ಸಾಧಿಸುವುದು ನಮ್ಮ ಉದ್ದೇಶವಲ್ಲ. ವಿಂಡೋಸ್ ೮ನ್ನು ಕುರಿತ ಮಾತುಗಳಲ್ಲಿ ಆತುರವೂ ಉತ್ಪ್ರೇಕ್ಷೆಯೂ ಸಾಕಷ್ಟಿದ್ದುವು. ಅದರ ಸರಳರೇಖೆಯ ಸೌಂದರ್ಯಕ್ಕೆ ಸಲ್ಲಬೇಕಾದ ಮನ್ನಣೆ ಗದ್ದಲದಲ್ಲಿ ಸಲ್ಲಲಿಲ್ಲ. ಆದರೆ ಆಕ್ಷೇಪವನ್ನು ಕೇಳಿದೊಡನೆ 'ಇದು ರೂಢಿಯ ಮಾತೋ, ಕಾಣದಿರುವಿಕೆಯ ಮಾತೋ, ಔಚಿತ್ಯದ ಮಾತೋ' ಎಂದು ವಿಂಗಡಿಸಿ ನೋಡುವ ಶಿಸ್ತು ನಿರ್ಮಾಪಕರಿಗೂ ವಿಮರ್ಶಕರಿಗೂ ಅವಶ್ಯಕ. ರೂಢಿಯ ಮಾತಾದರೆ ತಾಳ್ಮೆಯಿಂದ ಕಲಿಸಬಹುದು. ಉಳಿದೆರಡಾದರೆ ತಿದ್ದಬೇಕಾದುದು ಕೃತಿಯನ್ನು. ನಮ್ಮ ಕಾಲೇಜುಗಳಲ್ಲಿ ಸಾಹಿತ್ಯ ವಿಮರ್ಶೆಯನ್ನು ಅಭ್ಯಾಸಮಾಡುವ ವಿದ್ಯಾರ್ಥಿಗಳು ತಾವು ನಿತ್ಯವೂ ನೋಡುವ ಪರದೆಯ ಮೇಲೆ ಈ ವಿವೇಚನೆಯನ್ನು ಪ್ರಯೋಗಿಸಿ ನೋಡಿದರೆ, ಅವರ ಅಭ್ಯಾಸಕ್ಕೆ ಹೊಸದೊಂದು ಕ್ಷೇತ್ರ ದೊರೆತಂತಾಗುತ್ತದೆ.