ಕ್ರಿಯೆ ಇಲ್ಲದ ಕ್ರಿಯಾಗುಂಪು

ಮೊನ್ನೆ ಭಾನುವಾರ ಅಕ್ಕನ ಮಗಳು ಪುಸ್ತಕ ಹೊತ್ತುಕೊಂಡು ಪುಲಿಕೇಶಿನಗರದ ನಮ್ಮ ಮನೆಗೆ ಬಂದಿದ್ದಳು. ಮೊದಲ ಪಿಯು, ಸೈನ್ಸ್. ಎನ್‌ಸಿಇಆರ್‌ಟಿ ಬಯಾಲಜಿ ಪುಸ್ತಕದ 9ನೇ ಅಧ್ಯಾಯ, ಜೈವಿಕ ಅಣುಗಳು. ‘ಮಾಮ, ಇಷ್ಟೊಂದು ಸ್ಟ್ರಕ್ಚರ್ ಯಾಕೆ ಬಾಯಿಪಾಠ ಮಾಡ್ಬೇಕು?’ ಅಂದಳು. ‘ಪರೀಕ್ಷೆಗೆ ಬರುತ್ತೆ’ ಅಂದೆ. ಹದಿನೈದು ವರ್ಷದ ಹಿಂದೆ ನಮ್ಮ ಲೆಕ್ಚರರ್ ನನಗೆ ಹೇಳಿದ್ದೂ ಇದನ್ನೇ. ಬಾಯಿಂದ ಮಾತು ಬಿದ್ದ ಮೇಲೆ ನಾಚಿಕೆಯಾಯ್ತು. ಅವಳು ಹೋದ ಮೇಲೆ ಕೂತು ಅಧ್ಯಾಯ ಪೂರ್ತಿ ಓದಿದೆ.

ಆರಂಭ ನಿಜಕ್ಕೂ ಚೆನ್ನಾಗಿದೆ. ಒಂದು ತರಕಾರಿ ಚೂರನ್ನೋ ಲಿವರ್ ತುಂಡನ್ನೋ ಟ್ರೈಕ್ಲೋರೋಅಸಿಟಿಕ್ ಆಮ್ಲದಲ್ಲಿ ಅರೆದು, ಬಟ್ಟೆಯಲ್ಲಿ ಸೋಸಿ, ಕೆಳಗಿಳಿದದ್ದೇನು, ಮೇಲುಳಿದದ್ದೇನು ಎಂದು ನೋಡುವುದರಿಂದ ಪಾಠ ಶುರುವಾಗುತ್ತದೆ. ಜೀವಕೋಶದ ತೂಕದಲ್ಲಿ ಶೇ 70ರಿಂದ 90 ನೀರು, ಶೇ 10ರಿಂದ 15 ಪ್ರೋಟೀನ್ ಎಂಬ ಲೆಕ್ಕವೂ ಇದೆ. ಅಡುಗೆಮನೆಯ ಒರಳಿನಂಥ ಕೆಲಸ. ಯಾರಿಗಾದರೂ ಆಸೆ ಹುಟ್ಟಿಸುತ್ತದೆ.

ಆಮೇಲೆ ಪಾಠ ದಾರಿ ಬದಲಿಸುತ್ತದೆ. ರಸಾಯನಶಾಸ್ತ್ರದ ಕಣ್ಣಿಗೆ ಇಲ್ಲಿ ಆಲ್ಡಿಹೈಡ್, ಕೀಟೋನ್ ಮುಂತಾದ ಫಂಕ್ಷನಲ್ ಗ್ರೂಪುಗಳು ಕಾಣುತ್ತವೆ. ನಾವು ಮಾತ್ರ ಜೀವಶಾಸ್ತ್ರದ ಪ್ರಕಾರ ಅಮೈನೋ ಆಮ್ಲ, ಕೊಬ್ಬಿನಾಮ್ಲ ಎಂದು ವಿಂಗಡಿಸೋಣ, ಎನ್ನುತ್ತದೆ. ನನ್ನ ತಕರಾರು ಇರುವುದು ಇಲ್ಲೇ. ಅಮೈನೋ ಆಮ್ಲದ ಗುಣವೆಲ್ಲ ಅದರ ಗುಂಪುಗಳದ್ದೇ ಎಂದು ಮುಂದೆ ಅದೇ ಪುಸ್ತಕ ಒಪ್ಪಿಕೊಳ್ಳುತ್ತದೆ. ಆದರೆ ಆ ಗುಂಪುಗಳು ಏನು ಮಾಡುತ್ತವೆ ಎನ್ನುವುದಕ್ಕಿಂತ ಮೊದಲೇ ರಚನೆಗಳ ಚಿತ್ರಗಳ ಸಾಲು ಬಂದು ನಿಲ್ಲುತ್ತದೆ. ಕೆಲಸ ಹೇಳದೆ ಬರೀ ಹೆಸರು ಪರಿಚಯ ಮಾಡಿಸಿದರೆ ಯಾರ ನೆನಪು ತಾನೆ ಉಳಿಯುತ್ತೆ?

ಕೆಲಸ ನೋಡಬೇಕಾದರೆ ನಮ್ಮ ಮನೆಯಿಂದ ಹತ್ತು ನಿಮಿಷ ನಡೆದರೆ ಸಾಕು, ಮಾಸ್ಕ್ ರೋಡ್. ಕಬಾಬ್‌ನ ಮಾಂಸಕ್ಕೆ ಹಸಿ ಪಪ್ಪಾಯಿ ಅರೆದು ಹಚ್ಚುವುದು ಇಲ್ಲಿ ಎಲ್ಲರಿಗೂ ಗೊತ್ತಿರುವ ಗುಟ್ಟು. ಪ್ರೋಟೀನ್ ಎಂದರೆ ಅಮೈನೋ ಆಮ್ಲಗಳ ಸರಪಳಿ: ಒಂದರ ಕಾರ್ಬಾಕ್ಸಿಲ್ ಗುಂಪು ಇನ್ನೊಂದರ ಅಮೈನೋ ಗುಂಪಿನ ಕೈ ಹಿಡಿದು, ಒಂದು ನೀರಿನ ಅಣುವನ್ನು ಹೊರಹಾಕಿ ಆದ ಕೊಂಡಿಗಳು. ಪಪ್ಪಾಯಿಯ ಹಾಲಿನಲ್ಲಿರುವ ಪಪೈನ್ ಕಿಣ್ವ ಆ ಕೊಂಡಿಯನ್ನೇ ಕಡಿಯುತ್ತದೆ. ಅಷ್ಟು ದೊಡ್ಡ ಅಣುವಿನಲ್ಲಿ ಕತ್ತರಿಯ ಅಲಗು ಎಂದರೆ ಒಂದು ಗಂಧಕ, ಅದಕ್ಕಂಟಿದ ಒಂದು ಜಲಜನಕ, ಅಂದರೆ ಥಯೋಲ್ ಗುಂಪು. ಪಕ್ಕದ ಇನ್ನೊಂದು ಅಮೈನೋ ಆಮ್ಲ ಅದಕ್ಕೆ ಸಾಣೆ ಹಿಡಿದುಕೊಡುತ್ತದೆ. ಜಾಸ್ತಿ ಹೊತ್ತು ಬಿಟ್ಟರೆ ಮಾಂಸ ಹಿಟ್ಟಾಗುತ್ತೆ ಎಂದು ಅಂಗಡಿಯ ಭಾಯ್‌ಗೆ ಗೊತ್ತು. ಯಾಕೆ ಅನ್ನೋದು ನನ್ನ ಪಿಯು ಪುಸ್ತಕದಿಂದ ನನಗೆ ಗೊತ್ತಾಗಲಿಲ್ಲ.

ಕರಿದ ಸಮುದ್ರದ ಮೀನಿಗೆ ನಿಂಬೆ ಹಿಂಡುತ್ತೀರಲ್ಲ, ಅದೂ ಅಷ್ಟೇ. ಮೀನಿನ ವಾಸನೆಗೆ ಮುಖ್ಯ ಕಾರಣ ಟ್ರೈಮೀಥೈಲ್ ಅಮೀನ್ ಎಂಬ ಪ್ರತ್ಯಾಮ್ಲ. ನಿಂಬೆಯ ಸಿಟ್ರಿಕ್ ಆಮ್ಲದಲ್ಲಿ ಮೂರು ಕಾರ್ಬಾಕ್ಸಿಲ್ ಗುಂಪುಗಳಿವೆ. ಅವು ಪ್ರೋಟಾನ್ ಬಿಟ್ಟುಕೊಡುತ್ತವೆ, ಅಮೀನ್ ಇಸ್ಕೊಳ್ಳುತ್ತದೆ. ವಿದ್ಯುದಾವೇಶ ಬಂದ ಅಮೀನ್ ಆವಿಯಾಗಿ ಮೂಗಿನ ತನಕ ಬರುವುದಿಲ್ಲ.

ಕೆಂಡದ ಮೇಲೆ ಕಬಾಬ್ ಕಂದುಬಣ್ಣಕ್ಕೆ ತಿರುಗುವುದು ಇನ್ನೊಂದು. ಮಾಂಸದಲ್ಲೂ ಮಸಾಲೆಯ ಈರುಳ್ಳಿಯಲ್ಲೂ ಇರುವ ಸಕ್ಕರೆಯ ಕಾರ್ಬೊನಿಲ್ ಗುಂಪಿಗೆ ಪ್ರೋಟೀನಿನ ಅಮೈನೋ ಗುಂಪು ಅಂಟಿಕೊಳ್ಳುವುದು ಅದರ ಮೊದಲ ಹೆಜ್ಜೆ. 1912ರಲ್ಲಿ ಇದನ್ನು ವಿವರಿಸಿದ ಫ್ರಾನ್ಸಿನ ಲೂಯಿ ಕಮಿಲ್ ಮೈಯಾರ್ ಹೆಸರಿನಲ್ಲೇ ಈ ಕ್ರಿಯೆಯನ್ನು ಕರೆಯುತ್ತಾರೆ.

ಈಗ ನನ್ನ ವಿಷಯ. ಹೋದ ವರ್ಷ ಆಫೀಸಿನ ಹೆಲ್ತ್ ಚೆಕಪ್‌ನಲ್ಲಿ ನನ್ನ ಎಚ್‌ಬಿಎ1ಸಿ 6.1 ಬಂತು. 5.7ರಿಂದ 6.4 ಅಂದ್ರೆ ಮಧುಮೇಹದ ಹೊಸ್ತಿಲು. ‘ಮೂರು ತಿಂಗಳ ಸಕ್ಕರೆ’ ಎಂದು ಕರೆಯುವ ಈ ಸಂಖ್ಯೆ ಹೇಳುವುದು ಏನು? ರಕ್ತದ ಗ್ಲೂಕೋಸ್, ಯಾವ ಕಿಣ್ವದ ಸಹಾಯವೂ ಇಲ್ಲದೆ, ಹೀಮೋಗ್ಲೋಬಿನ್‌ನ ಅಮೈನೋ ಗುಂಪಿಗೆ ಎಷ್ಟು ಅಂಟಿಕೊಂಡಿದೆ ಎನ್ನುವುದನ್ನು. ಅದೇ ಕಾರ್ಬೊನಿಲ್, ಅದೇ ಅಮೈನೋ. ಕೆಂಡದ ಮೇಲೆ ನಿಮಿಷಗಳಲ್ಲಿ ಶುರುವಾಗುವುದು ಮೈಬಿಸಿಗೆ ವಾರಗಟ್ಟಲೆ ನಿಧಾನವಾಗಿ ಆಗುತ್ತದೆ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ, ಅದಕ್ಕೇ ಮೂರು ತಿಂಗಳ ಲೆಕ್ಕ. ಎರಡೂ ಗುಂಪಿನ ಚಿತ್ರ ಬಿಡಿಸಿ ಮಾರ್ಕ್ಸ್ ತಗೊಂಡಿದ್ದ ನಾನು, ರಿಪೋರ್ಟ್ ಹಿಡಿದುಕೊಂಡು ಏನೂ ಅರ್ಥವಾಗದೆ ಕೂತಿದ್ದೆ. ಹಿಂದಿನ ವಾರ ಉಪವಾಸ ಮಾಡಿದ್ದರೆ ಸರಿಹೋಗ್ತಿತ್ತೇನೋ ಅಂತಲೂ ಅಂದುಕೊಂಡಿದ್ದೆ!

ಪುಸ್ತಕ ಬರೆದವರ ಕಷ್ಟವೂ ಇದೆ. ಒಂದು ಅಧ್ಯಾಯದಲ್ಲಿ ಸಕ್ಕರೆ, ಕೊಬ್ಬು, ಪ್ರೋಟೀನ್, ನ್ಯೂಕ್ಲಿಕ್ ಆಮ್ಲ, ಕಿಣ್ವ ಎಲ್ಲ ಮುಗಿಸಬೇಕು. ಆಚೆ ನೀಟ್ ಕಾಯುತ್ತಿರುತ್ತದೆ. ಆದರೂ ಆ ಚಿತ್ರಗಳ ಪಕ್ಕ ಒಂದೊಂದು ಸಾಲು ಸಾಕಿತ್ತು: ಇದು ಪ್ರೋಟಾನ್ ಕೊಡುತ್ತೆ, ಇದು ತಗೊಳ್ಳುತ್ತೆ, ಇದು ನೀರಿನ ಜೊತೆ ಬೆರೆಯುತ್ತೆ, ಇದು ಸಕ್ಕರೆಗೆ ಅಂಟುತ್ತೆ. ಕನ್ನಡ ಮಾಧ್ಯಮದಲ್ಲಿ ನಾವು ಇದನ್ನು ‘ಕ್ರಿಯಾಗುಂಪು’ ಅಂತಿದ್ವಿ. ಕ್ರಿಯಾಪದದಲ್ಲಿರುವ ಅದೇ ಕ್ರಿಯೆ. ಪಾಠ ಮಾತ್ರ ಇದನ್ನು ನಾಮಪದವಾಗಿಯೇ ಕಲಿಸಿತು.

ಅಕ್ಕನ ಮಗಳಿಗೆ ಫೋನ್ ಮಾಡಿ ಹೇಳಿದ್ದೀನಿ, ಮುಂದಿನ ಭಾನುವಾರ ಪುಸ್ತಕ ತರಲಿ, ಆದರೆ ಸಂಜೆ ಬರಲಿ ಅಂತ. ಮೊದಲು ಮಾಸ್ಕ್ ರೋಡ್‌ಗೆ ಹೋಗ್ತೀವಿ. ಅವಳಿಗೆ ಕಬಾಬ್. ನನಗೆ, 6.1 ಇರೋದ್ರಿಂದ, ಕಬಾಬ್ ಮಾತ್ರ, ಫಲೂದಾ ಇಲ್ಲ.