ಬಿ. ವಿ. ಕಾರಂತರ ನಾದದೃಷ್ಟಿ

ಬಂಟ್ವಾಳ ತಾಲ್ಲೂಕಿನ ಮಂಚಿಯಲ್ಲಿ 1929ರಲ್ಲಿ ಜನಿಸಿ 2002ರಲ್ಲಿ ತೀರಿಕೊಂಡ ಬಾಬುಕೋಡಿ ವೆಂಕಟರಮಣ ಕಾರಂತರನ್ನು ನಾಟಕ ನಿರ್ದೇಶಕ, ಚಲನಚಿತ್ರಕಾರ, ಸಂಗೀತಗಾರ, ರಂಗಶಿಕ್ಷಕ ಎಂದು ಬಿಡಿಬಿಡಿಯಾಗಿ ಕೊಂಡಾಡುವುದು ರೂಢಿಯಾಗಿದೆ. ಹೀಗೆ ವಿಂಗಡಿಸಿದಾಗ ಅವರ ಸಾಧನೆಯ ಮೂಲಸೂತ್ರ ಮರೆಯಾಗುವುದುಂಟು. ಆ ಸೂತ್ರವನ್ನು ನಾದದೃಷ್ಟಿ ಎಂದು ಕರೆಯಬಹುದು.

ಗುಬ್ಬಿ ವೀರಣ್ಣನವರ ಕಂಪನಿ, ಕಾಶಿಯಲ್ಲಿ ಪಂಡಿತ ಓಂಕಾರನಾಥ ಠಾಕೂರರ ಬಳಿ ಸಂಗೀತಾಭ್ಯಾಸ, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ: ಇವು ಅವರ ಶಿಕ್ಷಣದ ಮೂರು ನೆಲೆಗಳು. ಇವುಗಳ ಹಿಂದೆ ಹುಟ್ಟೂರಿನ ಯಕ್ಷಗಾನವಿದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಬಯಲಾಟವನ್ನು ಬಲ್ಲವರಿಗೆ ಇದು ತಿಳಿದ ಸಂಗತಿ: ಭಾಗವತ, ಚೆಂಡೆ, ಮದ್ದಳೆಗಳು ಹೆಸರಿಗೆ ಹಿಮ್ಮೇಳವಾದರೂ ಆಟವನ್ನು ಮುನ್ನಡೆಸುವವು ಅವೇ. 1979ರಲ್ಲಿ ರಾಷ್ಟ್ರೀಯ ನಾಟಕ ಶಾಲೆಯ ರಂಗತಂಡಕ್ಕಾಗಿ ಷೇಕ್ಸ್‌ಪಿಯರನ 'ಮ್ಯಾಕ್‌ಬೆತ್'ನ್ನು 'ಬರ್ನಮ್ ವನ' ಎಂಬ ಹೆಸರಿನಿಂದ ಹಿಂದಿಯಲ್ಲಿ ಆಡಿಸುವಾಗ ಕಾರಂತರು ಯಕ್ಷಗಾನದತ್ತ ತಿರುಗಿದುದು ಆಕಸ್ಮಿಕವಲ್ಲ.

ಈ ದೃಷ್ಟಿಯ ಶ್ರೇಷ್ಠ ಫಲ 'ಚೋಮನ ದುಡಿ' (1975) ಚಿತ್ರ. ಶಿವರಾಮ ಕಾರಂತರ 1933ರ ಕಾದಂಬರಿಯನ್ನು ಆಧರಿಸಿದ ಈ ಚಿತ್ರ ಸ್ವರ್ಣಕಮಲವನ್ನೂ, ಚೋಮನಾಗಿ ಅಭಿನಯಿಸಿದ ವಾಸುದೇವರಾಯರಿಗೆ ಶ್ರೇಷ್ಠ ನಟ ಪ್ರಶಸ್ತಿಯನ್ನೂ ತಂದಿತು. ಸ್ವಂತ ಬೇಸಾಯದ ಹಕ್ಕಿಲ್ಲದ ಚೋಮನಿಗೆ ಒಡೆಯನ ಮುಂದೆ ಆಡಲು ಮಾತಿಲ್ಲ, ದುಡಿಯೊಂದಿದೆ. ಆದುದರಿಂದ ಇಲ್ಲಿ ವಾದ್ಯವು ಅಲಂಕಾರವಾಗದೆ, ನುಡಿಯಲಾಗದ ಕೋಪದ ವಾಣಿಯಾಗುತ್ತದೆ. ನಾದವು ಪಾತ್ರದ ಅಂತರಂಗದಿಂದಲೇ ಹುಟ್ಟಬೇಕೆಂಬ ತತ್ತ್ವ ಇಲ್ಲಿ ಸಾರ್ಥಕವಾಗಿದೆ.

ಇದೇ ತತ್ತ್ವವನ್ನು ಅವರು ಶಿಷ್ಯರಿಗೂ ಕಲಿಸಿದರು. ಮಕ್ಕಳೊಡನೆಯಾಗಲಿ, ಭೋಪಾಲದ ಭಾರತ ಭವನದ ರಂಗಮಂಡಲದಲ್ಲಾಗಲಿ, 1989ರಲ್ಲಿ ಮೈಸೂರಿನಲ್ಲಿ ಆರಂಭವಾದ ರಂಗಾಯಣದಲ್ಲಾಗಲಿ, ನಿತ್ಯಬಳಕೆಯ ವಸ್ತುಗಳಿಂದಲೂ ಸ್ವರ ಹೊರಡಿಸಿ ನಟರ ಕಿವಿಯನ್ನು ಪಳಗಿಸಿದರು. ಈ ಮಾರ್ಗದಲ್ಲಿ ಅಪಾಯವೂ ಇದೆ. ಗುರುವಿನ ವಿವೇಕವಿಲ್ಲದೆ ಅನುಕರಿಸಿದಲ್ಲಿ ಹಾಡು ಮಾತನ್ನು ನುಂಗುತ್ತದೆ. ರಂಗಗೀತೆ ನಾಟಕದಿಂದ ಕಳಚಿಕೊಂಡು ಕೇವಲ ರಂಜನೆಯಾಗುತ್ತದೆ.

ನಮ್ಮ ಕಾಲೇಜುಗಳ ನಾಟಕಾಭ್ಯಾಸಕ್ಕೆ ಈ ವಿಚಾರ ಅಗತ್ಯವಾದುದು. ಕಾರಂತರ ಹಾಡುಗಳನ್ನು ಬಾಯಿಪಾಠ ಮಾಡಿಸಿ ಸ್ಪರ್ಧೆಗೆ ಕಳುಹಿಸುವುದು ಸುಲಭ. ಈ ಹಾಡು ಇಲ್ಲಿಯೇ ಏಕೆ ಬಂತೆಂದು ವಿದ್ಯಾರ್ಥಿಯು ಕೇಳುವಂತೆ ಮಾಡುವುದು ಕಷ್ಟ. ಅವರ ಶಿಕ್ಷಣದ ಸಾರವು ಈ ಕಷ್ಟವಾದ ಕೆಲಸದಲ್ಲಿಯೇ ಇದೆ.